ಪತ್ತನಾಜೆಯಿಲ್ಲದ ವೃತ್ತಿ

ಬಂಟ್ವಾಳ ತಾಲ್ಲೂಕಿನ ನರಿಕೊಂಬು ನೇತ್ರಾವತಿಯ ದಡದ ಗ್ರಾಮ. ಅಡಿಕೆ ತೋಟಗಳು, ತೆಂಗು, ಜಗುಲಿಯಲ್ಲಿ ಕುಳಿತು ಬೀಡಿ ಸುತ್ತುವ ಹೆಂಗಸರು. ಪಾಣೆಮಂಗಳೂರಿನ ಸೇತುವೆ ದಾಟಿದರೆ ಬಿ.ಸಿ. ರೋಡು, ಅಲ್ಲಿಂದ ಮಂಗಳೂರಿಗೆ ಇಪ್ಪತ್ತೈದು ಕಿಲೋಮೀಟರಿನಷ್ಟು ದಾರಿ. ಬೆಳಿಗ್ಗೆ ಈ ದಾರಿ ಹಿಡಿದು ರಾತ್ರಿ ಮರಳುವವರಲ್ಲಿ ನನ್ನ ಪರಿಚಯದ ಆಪ್ತಸಮಾಲೋಚಕಿಯೊಬ್ಬರಿದ್ದಾರೆ. ನಗರದಲ್ಲಿ ಅವರದೊಂದು ಪುಟ್ಟ ಕೊಠಡಿ. ಎರಡು ಕುರ್ಚಿ, ಒಂದು ಮೇಜು, ಗೋಡೆ ಗಡಿಯಾರ. ದಿನಕ್ಕೆ ಏಳು ಮಂದಿ, ವಾರಕ್ಕೆ ಆರು ದಿನ. ಹೊಸಬರು ಮೊದಲ ಭೇಟಿಗೆ ಆರು ವಾರ ಕಾಯಬೇಕು. ಹದಿನಾಲ್ಕು ವರ್ಷಗಳ ಹಿಂದೆ, ವಾರಕ್ಕೆ ಇಬ್ಬರು ಬಂದರೆ ಹೆಚ್ಚು ಎಂಬಂತಿದ್ದ ದಿನಗಳಲ್ಲಿ ಅವರು ಬಯಸಿದ್ದು ಇದನ್ನೇ. ಈಗ ಅದು ಕೈಗೂಡಿದೆ. ಇತ್ತೀಚೆಗೆ ಭೇಟಿಯಾದಾಗ ಅವರು ಹೇಳಿದ ಮಾತು ಮಾತ್ರ ಬೇರೆ ತೆರನಾದುದು: "ಬಾಗಿಲು ನಾನೇ ತೆರೆಯುತ್ತೇನೆ, ನಾನೇ ಹಾಕುತ್ತೇನೆ. ಆದರೆ ಹೊರಗೆ ಹೋಗುವ ಬಾಗಿಲು ಎಲ್ಲಿದೆ ಎಂದು ಮರೆತುಹೋಗಿದೆ."

ಗುರುತು ಸಿಗಬಾರದೆಂದು ಅವರ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇಂತಹ ಮಾತನ್ನು ಪತ್ರಿಕೆಯ ಪುಟದಲ್ಲಿ ಚರ್ಚಿಸುವುದು ಎಷ್ಟು ಸರಿ ಎಂದು ಕೆಲವರಾದರೂ ಕೇಳಬಹುದು. ಕೈತುಂಬ ಕೆಲಸ, ಸಮಾಜದಲ್ಲಿ ಗೌರವ, ಸ್ವತಂತ್ರ ವೃತ್ತಿ. ಇಷ್ಟಿದ್ದೂ ಕೊರಗುವುದು ಹೊಟ್ಟೆ ತುಂಬಿದವರ ದೂರು ಎನ್ನಿಸುವುದು ಸಹಜ. ಅವರಿಗೂ ಹಾಗೆಯೇ ಅನ್ನಿಸಿದೆ. ಆದ್ದರಿಂದಲೇ ಅವರು ಯಾರಲ್ಲೂ ಹೇಳಿಕೊಂಡಿಲ್ಲ. ಆದರೆ ಒಬ್ಬರ ಕೊಠಡಿಯೊಳಗಿನ ಈ ಇಕ್ಕಟ್ಟಿಗೂ ನಮ್ಮ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ಒಂದು ದೊಡ್ಡ ಖಾಲಿ ಜಾಗಕ್ಕೂ ನೇರ ಸಂಬಂಧವಿದೆ ಎಂಬುದು ನನ್ನ ನಂಬಿಕೆ.

ಮೊದಲು ಈ ವೃತ್ತಿಯ ಒಳಗಣ ಲೆಕ್ಕವನ್ನು ನೋಡೋಣ. ವಕೀಲರ ಕಚೇರಿಯಲ್ಲಿ ಕಿರಿಯ ವಕೀಲರಿರುತ್ತಾರೆ. ಹಿರಿಯರಿಗೆ ಜ್ವರ ಬಂದರೆ ಕಿರಿಯರು ನ್ಯಾಯಾಲಯದಲ್ಲಿ ಮುಂದಿನ ದಿನಾಂಕವನ್ನಾದರೂ ಕೇಳಿ ಬರುತ್ತಾರೆ. ಅಂಗಡಿಯವನು ಗಲ್ಲಾಪೆಟ್ಟಿಗೆಯಲ್ಲಿ ತಮ್ಮನನ್ನು ಕೂರಿಸಿ ಮದುವೆಗೆ ಹೋಗಬಹುದು. ತೋಟವನ್ನು ಲೀಸಿಗೆ ಕೊಡಬಹುದು. ಆಪ್ತಸಮಾಲೋಚಕರು ಮಾರುವುದು ತಮ್ಮ ಒಂದು ಗಂಟೆಯ ಇರುವಿಕೆಯನ್ನು. ಅದನ್ನು ಬೇರೆಯವರ ಕೈಗೆ ಒಪ್ಪಿಸಲಾಗದು. ಎಂಟು ತಿಂಗಳು ಹೆಜ್ಜೆ ಹೆಜ್ಜೆಯಾಗಿ ನಂಬಿಕೆ ಬೆಳೆಸಿಕೊಂಡು, ಮನೆಯವರಿಗೂ ತಿಳಿಸದ ಸಂಗತಿಯನ್ನು ಬಾಯಿಬಿಟ್ಟವರನ್ನು 'ಮುಂದಿನ ವಾರದಿಂದ ಇನ್ನೊಬ್ಬರ ಹತ್ತಿರ ಹೋಗಿ' ಎಂದು ಕಳುಹಿಸುವುದು ಹೇಗೆ? ಹಾಗಾಗಿ ಒಂದು ದಿನ ಬಾಗಿಲು ಹಾಕಿದರೆ ಆ ದಿನದ ಆದಾಯ ಪೂರ್ಣ ಸೊನ್ನೆ, ಏಳು ಮಂದಿಗೆ ನಿರಾಸೆ. ಕೊಠಡಿಯ ಬಾಡಿಗೆ, ಮನೆ ಸಾಲದ ಕಂತು, ಮಗನ ಕಾಲೇಜು ಶುಲ್ಕ ಮಾತ್ರ ನಿಲ್ಲುವುದಿಲ್ಲ. ಯಶಸ್ಸು ಹೆಚ್ಚಿದಷ್ಟೂ ಖರ್ಚಿನ ಮಟ್ಟ ಏರುತ್ತದೆ, ಖರ್ಚು ಏರಿದಷ್ಟೂ ಗಂಟೆಗಳನ್ನು ಕಡಿಮೆ ಮಾಡುವುದು ಕಷ್ಟವಾಗುತ್ತದೆ. ಸ್ವಂತ ವ್ಯವಹಾರ ಮಾಡುವ ಎಲ್ಲರಿಗೂ ಇದು ಗೊತ್ತಿರುವ ಸುಳಿ. ವ್ಯತ್ಯಾಸವೆಂದರೆ, ಇಲ್ಲಿ ಸುಳಿಯೊಳಗೆ ತಿರುಗುವ ಸರಕು ಮನುಷ್ಯರ ಸಂಕಟ.

2020ರ ಕೋವಿಡ್ ನಂತರ ಇದಕ್ಕೆ ಇನ್ನೊಂದು ಸುತ್ತು ಸೇರಿಕೊಂಡಿತು. ಅಲ್ಲಿಯವರೆಗೆ ಕೊಠಡಿಗೆ ಬೀಗ ಹಾಕಿದರೆ ಕೆಲಸ ಮುಗಿಯುತ್ತಿತ್ತು. ಆಮೇಲೆ ಸಮಾಲೋಚನೆ ಮೊಬೈಲು, ಲ್ಯಾಪ್‌ಟಾಪುಗಳ ಪರದೆಗೆ ಬಂತು. ಕರಾವಳಿಯ ಕುಟುಂಬಗಳು ಕೊಲ್ಲಿ ದೇಶಗಳಲ್ಲಿ ಹರಡಿಕೊಂಡಿರುವುದು ಹೊಸ ಸಂಗತಿಯಲ್ಲ. ದುಬೈಯಲ್ಲಿ ಕೆಲಸ ಮುಗಿಸಿ, ಊಟ ಮಾಡಿ, ಕೋಣೆಯಲ್ಲಿ ಒಬ್ಬನೇ ಉಳಿದ ಯುವಕನಿಗೆ ತುಳುವಿನಲ್ಲೋ ಕನ್ನಡದಲ್ಲೋ ಮನಸ್ಸು ಬಿಚ್ಚಲು ಊರಿನ ಸಮಾಲೋಚಕಿಯೇ ಬೇಕು. ಅಲ್ಲಿ ರಾತ್ರಿ ಎಂಟೂವರೆಯಾದಾಗ ಇಲ್ಲಿ ಹತ್ತು ಗಂಟೆ. ನರಿಕೊಂಬಿನ ಮನೆಯ ಒಳಕೋಣೆಯಲ್ಲಿ ಬಾಗಿಲು ಮುಚ್ಚಿ, ಅತ್ತೆಯವರ ಟಿ.ವಿ. ಸದ್ದು ಕೇಳಿಸದಿರಲೆಂದು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಅವರು ಎಂಟನೆಯ ವ್ಯಕ್ತಿಯ ಮಾತು ಕೇಳುತ್ತಾರೆ. ಬೇಡ ಎನ್ನಲು ಅವರಿಗೆ ಕಾರಣವೂ ಸಿಗುವುದಿಲ್ಲ. ಆ ಹುಡುಗನಿಗೆ ಅಲ್ಲಿ ನಿಜಕ್ಕೂ ಬೇರೆ ಯಾರೂ ಇಲ್ಲ.

ದಿನಕ್ಕೆ ಎಂಬತ್ತು ರೋಗಿಗಳನ್ನು ನೋಡುವ ವೈದ್ಯರಿರುವ ನಾಡಿನಲ್ಲಿ ಏಳೆಂಟು ಮಂದಿಯ ಮಾತು ಕೇಳುವುದು ಅಷ್ಟು ದೊಡ್ಡ ಶ್ರಮವೇ ಎಂಬ ಪ್ರಶ್ನೆ ಏಳಬಹುದು. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ವಿಮಾನದ ಪರಿಚಾರಿಕೆಯರ ನಗುವನ್ನೂ ದುಡಿಮೆಯೆಂದೇ ಪರಿಗಣಿಸಿ, ಭಾವನೆಯನ್ನು ಹತೋಟಿಯಲ್ಲಿಟ್ಟು ಕೂಲಿಗೆ ಒದಗಿಸುವುದು ದೇಹಶ್ರಮದಷ್ಟೇ ನಿಜವಾದ ಶ್ರಮ ಎಂದು ವಾದಿಸಿದರು. ಅಲ್ಲಿ ನಗು, ಇಲ್ಲಿ ಅದಕ್ಕಿಂತ ಕಠಿಣವಾದ ಕೆಲಸ. ಬೆಳಿಗ್ಗೆ ಹತ್ತಕ್ಕೆ ಮಗುವನ್ನು ಕಳೆದುಕೊಂಡ ತಾಯಿ, ಹನ್ನೊಂದಕ್ಕೆ ವಿಚ್ಛೇದನದ ಅಂಚಿನಲ್ಲಿರುವ ದಂಪತಿ, ಹನ್ನೆರಡಕ್ಕೆ ಕೈ ಕುಯ್ದುಕೊಂಡ ಕಾಲೇಜು ಹುಡುಗಿ. ಪ್ರತಿಯೊಬ್ಬರಿಗೂ ಸಮಾಲೋಚಕರು ಅಂದಿನ ಮೊದಲ ವ್ಯಕ್ತಿಯೆಂಬಂತೆ ಹೊಸದಾಗಿ ಒದಗಬೇಕು. ಹನ್ನೊಂದರ ದಂಪತಿಗೆ ಹತ್ತರ ತಾಯಿಯ ನೆರಳು ಕಾಣಬಾರದು. ಸಂಜೆ ಮನೆಗೆ ಬಂದ ಮೇಲೆ 'ಇವತ್ತು ಹೇಗಿತ್ತು' ಎಂದು ಗಂಡ ಕೇಳಿದರೆ ಹೇಳುವಂತಿಲ್ಲ. ಗೋಪ್ಯತೆ ಈ ವೃತ್ತಿಯ ಧರ್ಮ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೂ ಅದನ್ನು ಚಿಕಿತ್ಸೆ ಪಡೆಯುವವರ ಹಕ್ಕನ್ನಾಗಿಯೇ ಮಾಡಿದೆ. ಅದು ಹಾಗಿರಲೇಬೇಕು. ಆದರೆ ಒಂಟಿಯಾಗಿ ಕೆಲಸ ಮಾಡುವವರ ಪಾಲಿಗೆ ಆ ಧರ್ಮವೇ ನಾಲ್ಕು ಗೋಡೆಗಳಾಗಿಯೂ ನಿಲ್ಲುತ್ತದೆ.

'ಬರ್ನ್‌ಔಟ್' ಎಂಬ ಪದವನ್ನು ಈ ಅರ್ಥದಲ್ಲಿ ಬಳಕೆಗೆ ತಂದವರು ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. 1974ರ ಅವರ ಲೇಖನ ಹುಟ್ಟಿದ್ದು ಸ್ವಂತ ಅನುಭವದಿಂದ. ಹಗಲು ತಮ್ಮ ಖಾಸಗಿ ಚಿಕಿತ್ಸಾಲಯದಲ್ಲಿ ದುಡಿದು, ಸಂಜೆಯ ಮೇಲೆ ಉಚಿತ ಚಿಕಿತ್ಸಾಲಯವೊಂದಕ್ಕೆ ಹೋಗಿ ರಾತ್ರಿಯವರೆಗೆ ಕೆಲಸ ಮಾಡುತ್ತಿದ್ದವರು ಅವರು. ಎಣ್ಣೆ ತೀರಿದ ದೀಪದಂತಾದ ಮೇಲೆಯೇ ಅವರು ತಮಗೆ ಆದದ್ದೇನು ಎಂದು ಬರೆಯಲು ಕುಳಿತದ್ದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ವರ್ಗೀಕರಣದ ಹನ್ನೊಂದನೆಯ ಪರಿಷ್ಕರಣೆಯಲ್ಲಿ ಇದನ್ನು ಕಾಯಿಲೆಯೆನ್ನದೆ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ಕರೆಯಿತು. ಈ ವ್ಯತ್ಯಾಸ ಮುಖ್ಯ. ಕಾಯಿಲೆಯಾದರೆ ಅದು ವ್ಯಕ್ತಿಗೆ ಸೇರಿದ್ದು. ಅವರೇ ಮದ್ದು ಹುಡುಕಿಕೊಳ್ಳಲಿ ಎನ್ನಬಹುದು. ಉದ್ಯೋಗದ ವಿದ್ಯಮಾನವಾದರೆ ಉದ್ಯೋಗದ ಕಟ್ಟೋಣವನ್ನೇ ಪರಿಶೀಲಿಸಬೇಕಾಗುತ್ತದೆ.

ನನ್ನ ಪರಿಚಯದವರ ಬೇಗುದಿ ಕೇವಲ ದಣಿವಿನದಲ್ಲ. ಅದರ ಮೂಲ ನರಿಕೊಂಬಿನಲ್ಲೇ ಇದೆ. ಒಂದು ಭಾನುವಾರ ನೆರೆಮನೆಯ, ಬೀಡಿ ಸುತ್ತುವ ಹೆಂಗಸೊಬ್ಬರು ಅಂಗಳದ ಬದಿಯಲ್ಲಿ ನಿಂತು, "ಅಕ್ಕಾ, ನಿಮ್ಮ ಹತ್ತಿರ ಸ್ವಲ್ಪ ಮಾತಾಡ್ಲಿಕ್ಕುಂಟು" ಎಂದರಂತೆ. ಗಂಡನ ಕುಡಿತ, ಮಗಳು ಊಟ ಬಿಟ್ಟು ಮೂಲೆ ಹಿಡಿದಿರುವುದು. ಮಾತು ಅಲ್ಲಿಗೆ ನಿಂತಿತು. ಸಮಾಲೋಚಕಿಗೆ ನೆರೆಮನೆಯವರಿಗೆ ಚಿಕಿತ್ಸೆ ಕೊಡುವುದು ವೃತ್ತಿನೀತಿಗೆ ಒಗ್ಗದ ಕೆಲಸ. ದಿನವೂ ಬಾವಿಕಟ್ಟೆಯಲ್ಲಿ, ಮದುವೆ ಮನೆಯಲ್ಲಿ, ಭಜನೆಯಲ್ಲಿ ಮುಖ ನೋಡಬೇಕಾದವರ ಗುಟ್ಟನ್ನು ಹೊತ್ತುಕೊಳ್ಳುವುದು ಇಬ್ಬರಿಗೂ ಒಳ್ಳೆಯದಲ್ಲ. ನಗರದಲ್ಲಿ ಬೇರೆಯವರ ಹೆಸರು ಸೂಚಿಸಬಹುದಿತ್ತು. ಆದರೆ ಅಲ್ಲಿನ ಶುಲ್ಕ ಗಂಟೆಗೆ ಸಾವಿರ ರೂಪಾಯಿ. ಸಾವಿರ ಬೀಡಿ ಸುತ್ತಿದರೂ ಕೈಗೆ ಬರುವ ಕೂಲಿ ಅದರ ಅರ್ಧಕ್ಕೂ ಸಾಲದು. ಬಸ್ಸಿನ ಖರ್ಚು, ಕಳೆದುಹೋಗುವ ದಿನದ ದುಡಿಮೆ ಬೇರೆ. ಆ ಹೆಂಗಸು ಶುಲ್ಕ ಎಷ್ಟೆಂದು ಕೇಳಿದರು. ಉತ್ತರ ಕೇಳಿ, "ಆಯ್ತಕ್ಕಾ, ನೋಡ್ತೇನೆ" ಎಂದು ಹೊರಟರು. ಮತ್ತೆ ಆ ಮಾತೆತ್ತಲಿಲ್ಲ. "ನಾನು ಈ ವಿದ್ಯೆ ಕಲಿತದ್ದೇ ಇಂಥವರಿಗಾಗಿ ಎಂದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನಂಬಿದ್ದೆ" ಎಂದು ನನ್ನ ಪರಿಚಯದವರು ಹೇಳಿದಾಗ ಅವರ ದನಿಯಲ್ಲಿ ನಾಟಕೀಯತೆಯೇನೂ ಇರಲಿಲ್ಲ.

ಯಶಸ್ಸು ಅವರಿಗೆ ಬಲೆಯಾದದ್ದು ಹೀಗೆ. ಯಾರು ಹಣ ತೆರಬಲ್ಲರೋ ಅವರಿಂದಲೇ ದಿನಚರಿ ತುಂಬುತ್ತದೆ. ಅವರ ಸಂಕಟವೂ ಸುಳ್ಳಲ್ಲ. ಪರೀಕ್ಷೆಯ ಭಯ, ಕಂಪೆನಿಯ ಒತ್ತಡ, ಒಡೆದ ದಾಂಪತ್ಯ ಯಾರ ಮನೆಯಲ್ಲೂ ಹಗುರವಲ್ಲ. ಆದರೆ ದಿನಚರಿ ತುಂಬಿದ ಮೇಲೆ ಬೇರೆಯವರಿಗೆ ಜಾಗವೇ ಉಳಿಯುವುದಿಲ್ಲ. ಕುಡಿತದಿಂದ ನಲುಗಿದ ಹಳ್ಳಿಯ ಕುಟುಂಬಗಳೊಂದಿಗೆ ಕೆಲಸ ಮಾಡುವ ಕೌಶಲ, ಬಳಸದ ಕತ್ತಿಯಂತೆ ತುಕ್ಕು ಹಿಡಿಯುತ್ತದೆ.

ದೇಶದ ಅಂಕಿಅಂಶಗಳನ್ನು ಈ ಅಂಗಳದ ಪ್ರಸಂಗದ ಪಕ್ಕದಲ್ಲಿಟ್ಟು ನೋಡಬೇಕು. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿ ಸಮೀಕ್ಷೆಯ ವೇಳೆ ಯಾವುದಾದರೊಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ತೊಂದರೆಯ ಸ್ವರೂಪಕ್ಕೆ ತಕ್ಕಂತೆ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ನೂರರಲ್ಲಿ ಎಂಟರಿಂದ ಮೂವತ್ತು ಮಂದಿಯಷ್ಟೇ ಬಾಗಿಲವರೆಗೆ ತಲುಪುತ್ತಾರೆಂದರೆ, ತಲುಪಿದವರನ್ನು ಮರಳಿ ಕಳುಹಿಸುವುದು ಸಮಾಲೋಚಕರಿಗೆ ಪಾಪದಂತೆ ಕಾಣುತ್ತದೆ. ಇನ್ನೊಬ್ಬರನ್ನು ಸೇರಿಸಿಕೊಂಡರೆ ತಮ್ಮ ಮನೆಯ ಸಮಯ ಹೋಗುತ್ತದೆ, ಬೇಡವೆಂದರೆ ರಾತ್ರಿಯ ನಿದ್ದೆ ಹೋಗುತ್ತದೆ. ಖಾಸಗಿ ಚಿಕಿತ್ಸಕರ ತುಂಬಿದ ದಿನಚರಿಯ ಹಿಂದೆ ಅವರ ಜಾಣ್ಮೆ ಎಷ್ಟಿದೆಯೋ ಸರ್ಕಾರ ಖಾಲಿ ಬಿಟ್ಟ ಕುರ್ಚಿಗಳೂ ಅಷ್ಟೇ ಇವೆ.

ಕರಾವಳಿಯ ಹಳ್ಳಿಯಲ್ಲಿ ಮನಸ್ಸಿನ ನೋವಿಗೆ ಜನ ಎಲ್ಲಿಗೆ ಹೋಗುತ್ತಿದ್ದರು ಎಂಬುದನ್ನು ಶಾಸ್ತ್ರೀಯವಾಗಿ ದಾಖಲಿಸಿದ ಹಳೆಯ ಅಧ್ಯಯನವೊಂದು ನಮ್ಮ ಪಕ್ಕದಲ್ಲೇ ನಡೆದಿದೆ. ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಎಂಬ ಮನೋವೈದ್ಯರು ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಕುಟುಂಬಗಳ ನಡುವೆ ಅಧ್ಯಯನ ನಡೆಸಿ 1976ರಲ್ಲಿ ಪುಸ್ತಕ ಪ್ರಕಟಿಸಿದರು. ವೈದ್ಯರು, ಮಂತ್ರವಾದಿಗಳು, ಪಾತ್ರಿಗಳು ಎಲ್ಲರೂ ಜನರ ನೋವಿಗೆ ಕಿವಿಗೊಡುವವರಾಗಿದ್ದುದನ್ನು ಅವರು ಕಂಡರು. ಕಪೂರ್ ಮುಂದೆ ನಿಮ್ಹಾನ್ಸ್‌ನಲ್ಲಿ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿ ಹೆಸರು ಮಾಡಿದವರು. ಅವರೇ ಬದುಕಿನ ಉತ್ತರಾರ್ಧದಲ್ಲಿ ಸನ್ಯಾಸಿಗಳ ಮನಸ್ಸನ್ನು ಅರಿಯಲು ಹಿಮಾಲಯದ ದಾರಿ ಹಿಡಿದರು. ಆ ಹುಡುಕಾಟದ ಪುಸ್ತಕ ಅವರು 2006ರಲ್ಲಿ ತೀರಿಕೊಂಡ ಮೇಲೆ, 2009ರಲ್ಲಿ ಬೆಳಕು ಕಂಡಿತು. ವೃತ್ತಿಯ ಎತ್ತರದಲ್ಲಿ ನಿಂತ ಮನೋವೈದ್ಯರೂ ಆಸ್ಪತ್ರೆಯ ಗೋಡೆಯಾಚೆಗೆ ಇನ್ನೇನನ್ನೋ ಅರಸಿ ಹೊರಟದ್ದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ.

ಪಾತ್ರಿಯ ಮಾತು ಬಂದದ್ದರಿಂದ ಒಂದು ಹೋಲಿಕೆ. ನೇಮ, ಕೋಲಗಳಲ್ಲಿ ದೈವದ ಎದುರು ಜನ ತಮ್ಮ ದುಃಖ ತೋಡಿಕೊಳ್ಳುತ್ತಾರೆ; ಅಭಯ ಪಡೆದು ಮರಳುತ್ತಾರೆ. ಆ ವ್ಯವಸ್ಥೆಯನ್ನು ಚಿಕಿತ್ಸೆ ಎಂದು ವೈಭವೀಕರಿಸುವ ಉದ್ದೇಶ ನನಗಿಲ್ಲ. ಅದರೊಳಗೆ ಜಾತಿಯ ಬಿಗಿಯಾದ ಕಟ್ಟುಗಳಿವೆ. ಕೋಲ ಕಟ್ಟುವ ಸಮುದಾಯಗಳಿಗೆ ರಾತ್ರಿಯ ಗೌರವ ಹಗಲಿಗೆ ಉಳಿಯುವುದಿಲ್ಲ ಎಂಬುದು ತುಳುನಾಡಿನ ಎಲ್ಲರಿಗೂ ತಿಳಿದ ಕಹಿ ಸತ್ಯ. ಆದರೆ ಒಂದು ಅಂಶ ಗಮನಾರ್ಹ. ಅಲ್ಲಿ ನೋವು ಕೇಳುವವರು ಒಬ್ಬಂಟಿಯಲ್ಲ. ಊರ ಗುರಿಕಾರರಿದ್ದಾರೆ, ವಾದ್ಯದವರಿದ್ದಾರೆ, ಸುತ್ತ ಊರೇ ನಿಂತಿದೆ. ಬೆಳಗಾದ ಮೇಲೆ ಬಣ್ಣ ಒರೆಸಿ, ಅಣಿ ಕಳಚಿ ಇಡುವ ಕ್ರಮವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಪತ್ತನಾಜೆ ಇದೆ. ತುಳುವರ ಬೇಸ ತಿಂಗಳ ಹತ್ತನೆಯ ದಿನ, ಸಾಮಾನ್ಯವಾಗಿ ಮೇ 24ರ ಆಸುಪಾಸು, ನೇಮ ಕೋಲಗಳು ನಿಲ್ಲುತ್ತವೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆಗಾಲ ಕಳೆದು ದೀಪಾವಳಿ ಸಮೀಪಿಸುವವರೆಗೆ ವಿರಾಮ. ಮಳೆಗಾಲದಲ್ಲೂ ಸಭಾಭವನಗಳಲ್ಲಿ ಆಟಗಳು ನಡೆಯುವುದು ಈಗ ಸಾಮಾನ್ಯವಾಗಿದೆ ಎಂಬುದು ಬೇರೆ ಮಾತು. ಆದರೂ ನಿಲ್ಲಿಸುವ ದಿನವೊಂದಿದೆ, ಅದನ್ನು ಊರೇ ಒಪ್ಪಿದೆ, ನಿಲ್ಲಿಸಿದವರನ್ನು ಯಾರೂ ಸೋಮಾರಿಯೆನ್ನುವುದಿಲ್ಲ. ಖಾಸಗಿ ಸಮಾಲೋಚಕರಿಗೆ ಇಂತಹ ಯಾವ ದಿನವೂ ಇಲ್ಲ. ನಿಲ್ಲಿಸಬೇಕಾದರೆ ತಾವೊಬ್ಬರೇ ನಿರ್ಧರಿಸಬೇಕು, ತಾವೊಬ್ಬರೇ ಸಮರ್ಥಿಸಿಕೊಳ್ಳಬೇಕು.

ಹಾಗಾದರೆ ತಪ್ಪೆಲ್ಲ ವ್ಯವಸ್ಥೆಯದೇ? ಹಾಗೆ ಹೇಳಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. 'ನಾನಿಲ್ಲದಿದ್ದರೆ ಇವರ ಗತಿಯೇನು' ಎಂಬ ಭಾವದಲ್ಲಿ ಕರುಣೆಯಷ್ಟೇ ಅಹಂಕಾರವೂ ಇರುತ್ತದೆ. ಸಮಾಲೋಚಕಿ ತಾವಾಗಿಯೇ ಇದನ್ನು ಒಪ್ಪಿಕೊಂಡರು. ಯಾರಿಗೂ ಅನಿವಾರ್ಯವಾಗದಂತೆ ನಡೆದುಕೊಳ್ಳುವುದೇ ಈ ವಿದ್ಯೆಯ ಗುರಿ; ಬಂದವರು ಒಂದು ದಿನ ತಮ್ಮ ಕಾಲ ಮೇಲೆ ನಡೆದುಹೋಗಬೇಕು. ಆದರೆ ಖಾಸಗಿ ವೃತ್ತಿಯ ಆರ್ಥಿಕತೆ ಅವರು ಮರಳಿ ಬರುವುದನ್ನೇ ಬಯಸುತ್ತದೆ. ಈ ಎಳೆದಾಟ ಪ್ರಾಮಾಣಿಕರನ್ನು ಒಳಗಿನಿಂದ ಕೊರೆಯುತ್ತದೆ. ಅಪ್ರಾಮಾಣಿಕರಿಗೆ ಅದರ ಬಾಧೆಯೇ ಇಲ್ಲ. ಸಿಗ್ಮಂಡ್ ಫ್ರಾಯ್ಡ್ 1937ರ ತಮ್ಮ ಪ್ರಬಂಧವೊಂದರಲ್ಲಿ ಶಿಕ್ಷಣ ಮತ್ತು ಆಡಳಿತಗಳ ಜೊತೆಗೆ ಮನೋವಿಶ್ಲೇಷಣೆಯನ್ನೂ ಅಸಾಧ್ಯ ವೃತ್ತಿಗಳ ಸಾಲಿಗೆ ಸೇರಿಸಿದ್ದರು. ಚಿಕಿತ್ಸಕರು ಐದು ವರ್ಷಕ್ಕೊಮ್ಮೆಯಾದರೂ ತಾವೇ ಇನ್ನೊಬ್ಬರೆದುರು ವಿಶ್ಲೇಷಣೆಗೆ ಕೂರಬೇಕೆಂದೂ ಸಲಹೆ ನೀಡಿದ್ದರು. ಬ್ರಿಟನ್ನಿನ ಆಪ್ತಸಮಾಲೋಚಕರ ಪ್ರಮುಖ ಸಂಘವು ತನ್ನ ವೃತ್ತಿನಿರತ ಸದಸ್ಯರು ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಅನುಭವಿಯೊಬ್ಬರ ಮುಂದೆ ತಮ್ಮ ಕೆಲಸದ ಬಗ್ಗೆ ಮಾತನಾಡಬೇಕೆಂಬ ನಿಯಮವನ್ನೇ ಮಾಡಿದೆ. ನಮ್ಮಲ್ಲಿ ಬಹುತೇಕ ಸಮಾಲೋಚಕರ ಪಾಲಿಗೆ ಅದು ಅವರವರ ಇಷ್ಟಕ್ಕೆ, ಜೇಬಿಗೆ ಬಿಟ್ಟ ವಿಷಯ.

ಕಾನೂನಿನ ಸ್ಥಿತಿಯೂ ಇದಕ್ಕೆ ತಕ್ಕಂತೆಯೇ ಇದೆ. ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು 1992ರ ಕಾಯ್ದೆಯನ್ವಯ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ಉಳಿದ ಆಪ್ತಸಮಾಲೋಚಕರು ಬಹುಕಾಲ ಯಾವ ನೋಂದಣಿಯ ವ್ಯಾಪ್ತಿಗೂ ಬಂದಿರಲಿಲ್ಲ. ಮೂರು ತಿಂಗಳ ಸರ್ಟಿಫಿಕೇಟು ಹಿಡಿದವರೂ ಸ್ನಾತಕೋತ್ತರ ಪದವಿ ಪಡೆದು ವರ್ಷಗಟ್ಟಲೆ ತರಬೇತಾದವರೂ ಒಂದೇ ಬಗೆಯ ಫಲಕ ತೂಗುಹಾಕಬಹುದಿತ್ತು. 2021ರ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗ ಕಾಯ್ದೆ ಇವರನ್ನು ತನ್ನ ವ್ಯಾಪ್ತಿಗೆ ತರುವ ದಾರಿ ತೆರೆದಿದೆ. ನೋಂದಣಿಯ ಜೊತೆಗೆ ಹಿರಿಯರ ಮಾರ್ಗದರ್ಶನವನ್ನೂ ಕಡ್ಡಾಯಗೊಳಿಸಿದರೆ ಜನರಿಗೆ ರಕ್ಷಣೆ ದೊರೆಯುತ್ತದೆ, ಚಿಕಿತ್ಸಕರ ಒಂಟಿತನವೂ ಒಂದಿಷ್ಟು ಕರಗೀತು.

ಇನ್ನು ಸರ್ಕಾರಿ ಕೆಲಸದ ಮಾತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮದೇ ಬಳ್ಳಾರಿ. ನಿಮ್ಹಾನ್ಸ್ 1985ರಲ್ಲಿ ಅಲ್ಲಿ ಆರಂಭಿಸಿದ ಪ್ರಯೋಗ 1996ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವಾಯಿತು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ನಿಗದಿತ ದಿನ ಕಳುಹಿಸುವ ಏರ್ಪಾಡು ಮಾಡಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾರು ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಇವೆಲ್ಲ ಶ್ಲಾಘನೀಯ. ಆದರೆ ವಾರಗಟ್ಟಲೆ ಎದುರು ಕುಳಿತು ಮಾತು ಕೇಳುವ ಸಮಾಲೋಚಕರ ಹುದ್ದೆಗಳು ವಿರಳ. ಇದ್ದವೂ ಬಹುಪಾಲು ಗುತ್ತಿಗೆಯವು. ಎರಡು ಮಕ್ಕಳ ತಾಯಿ ಅಂತಹ ಹುದ್ದೆಗಾಗಿ ತುಂಬಿದ ಖಾಸಗಿ ವೃತ್ತಿಯನ್ನು ಬಿಡಲಿ ಎಂದು ನಿರೀಕ್ಷಿಸುವುದು ಅನ್ಯಾಯ. ಮಂಗಳೂರಿನ ರೋಶನಿ ನಿಲಯ 1960ರಿಂದಲೂ ಸಮಾಜಕಾರ್ಯ ಕಲಿಸುತ್ತಿದೆ. ಆದ್ದರಿಂದ ಈ ಜಿಲ್ಲೆಗೆ ತರಬೇತಾದವರ ಬರವಿದೆ ಎನ್ನಲಾಗದು. ಅವರು ಊರಿನಲ್ಲಿದ್ದಾರೆ, ಊರಿನವರಿಗೆ ಸಿಗುವಂತೆ ಇಲ್ಲ.

ಈಗಿರುವಂತೆ ದಾರಿಗಳು ಎರಡೇ: ಪೂರ್ತಿ ಖಾಸಗಿ, ಇಲ್ಲವೇ ಪೂರ್ತಿ ಸರ್ಕಾರಿ ಗುತ್ತಿಗೆ. ನಡುವಿನ ದಾರಿ ಇಲ್ಲದಿರುವುದೇ ಬಲೆಯ ಮುಖ್ಯ ಗಂಟು. ಅಂತಹ ದಾರಿ ಹೊಸದಾಗಿ ಕಂಡುಹಿಡಿಯಬೇಕಾದುದೂ ಅಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ತಾಲ್ಲೂಕು ಮಟ್ಟದವರೆಗೂ ಸಮಿತಿಗಳಿವೆ. ಬಡವರ ಪರವಾಗಿ ವಾದಿಸಲು ಖಾಸಗಿ ವಕೀಲರ ಪಟ್ಟಿ ಇರುತ್ತದೆ. ಅವರ ಸಂಭಾವನೆಯನ್ನು ಪ್ರಾಧಿಕಾರ ಕೊಡುತ್ತದೆ. ವಕೀಲರು ತಮ್ಮ ಸ್ವಂತ ಕಚೇರಿಯನ್ನು ಮುಚ್ಚಬೇಕಿಲ್ಲ. ಸಂಭಾವನೆ ಹೆಚ್ಚೇನಲ್ಲ, ಕೆಲಸದ ಗುಣಮಟ್ಟದ ಬಗ್ಗೆ ದೂರುಗಳಿಲ್ಲದೆಯೂ ಇಲ್ಲ. ಆದರೂ ನ್ಯಾಯಾಲಯದ ಬಾಗಿಲಲ್ಲಿ ನಿಂತ ಬಡವನಿಗೆ ಕೇಳಲು ಒಂದು ಹಕ್ಕಿನ ಹೆಸರಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಸರ್ಕಾರ ನಡೆಸುವ ಇಲ್ಲವೇ ಸರ್ಕಾರದ ನೆರವಿನ ಸೇವೆಗಳಿಂದ ಚಿಕಿತ್ಸೆ ಪಡೆಯುವ ಹಕ್ಕನ್ನು ಪ್ರತಿಯೊಬ್ಬರಿಗೂ ನೀಡಿದೆ. ಹಾಗಿದ್ದ ಮೇಲೆ ಬಂಟ್ವಾಳದ ತಾಲ್ಲೂಕು ಆಸ್ಪತ್ರೆಯಲ್ಲಿ ಖಾಸಗಿ ಸಮಾಲೋಚಕರ ಪಟ್ಟಿಯೊಂದನ್ನು ಮಾಡಿ, ವಾರಕ್ಕೊಂದು ದಿನ ಗೌರವಧನದ ಮೇಲೆ ಅವರನ್ನು ಕರೆಸಿಕೊಳ್ಳಲು ಅಡ್ಡಿಯೇನು? ನರಿಕೊಂಬಿನವರು ಬಂಟ್ವಾಳದಲ್ಲಿ ಬೇಡವಾದರೆ ಬೆಳ್ತಂಗಡಿಯಲ್ಲೋ ಮೂಡುಬಿದಿರೆಯಲ್ಲೋ ಕೂರಲಿ. ಆಗ ನೆರೆಮನೆಯವರ ಮುಜುಗರವೂ ತಪ್ಪುತ್ತದೆ.

ಎಲ್ಲ ಮಾತನ್ನೂ ಪದವೀಧರ ತಜ್ಞರೇ ಕೇಳಬೇಕೆಂದಿಲ್ಲ ಎಂಬುದೂ ಈಗ ಸಾಬೀತಾಗಿದೆ. ನಮ್ಮ ಉತ್ತರದ ನೆರೆಯ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು, ಮೊದಲು ಯಾವ ವೃತ್ತಿ ತರಬೇತಿಯೂ ಇಲ್ಲದಿದ್ದ ಸಾಮಾನ್ಯರನ್ನು ಸಮಾಲೋಚಕರನ್ನಾಗಿ ಸಿದ್ಧಪಡಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯವರೊಂದಿಗೆ ಕೆಲವು ವಾರಗಳ ಮಾತುಕತೆ ನಡೆಸುವಂತೆ ಮಾಡಿದರು. ಅದರ ಉತ್ತಮ ಫಲಿತಾಂಶವನ್ನು ಲ್ಯಾನ್ಸೆಟ್ ಪತ್ರಿಕೆ 2017ರಲ್ಲಿ ಮುದ್ರಿಸಿತು. ಆಫ್ರಿಕದ ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಾಂಡ ಎಂಬ ಮನೋವೈದ್ಯರು 2006ರಿಂದ ಅಜ್ಜಿಯಂದಿರಿಗೆ ತರಬೇತಿ ಕೊಟ್ಟು ಆಸ್ಪತ್ರೆಯಂಗಳದ ಮರದ ಬೆಂಚಿನ ಮೇಲೆ ಕೂರಿಸಿದ್ದಾರೆ. ಕನ್ನಡಿಗರಿಗೆ ಚಿರಪರಿಚಿತರಾದ ಡಾ. ಸಿ.ಆರ್. ಚಂದ್ರಶೇಖರ್ ನಿಮ್ಹಾನ್ಸ್‌ನ ಸೇವೆಯ ನಂತರ ಬೆಂಗಳೂರಿನಲ್ಲಿ 'ಸಮಾಧಾನ' ಕೇಂದ್ರದ ಮೂಲಕ ಸ್ವಯಂಸೇವಕರನ್ನು ಜೊತೆಗೂಡಿಸಿಕೊಂಡು ಉಚಿತ ಆಪ್ತಸಲಹೆ ನೀಡುವ ದಾರಿ ಹಿಡಿದರು. ಶಿವಮೊಗ್ಗದಲ್ಲಿ ಖಾಸಗಿ ಮನೋವೈದ್ಯರಾಗಿದ್ದ, 2016ರಲ್ಲಿ ನಮ್ಮನ್ನಗಲಿದ ಡಾ. ಅಶೋಕ್ ಪೈ ಅವರದು ಇನ್ನೊಂದು ಬಗೆ. ಮಾನಸ ಆಸ್ಪತ್ರೆಯ ಜೊತೆಗೆ ಅವರು ಪತ್ರಿಕೆಗಳಿಗೆ ಬರೆದರು, ತರಬೇತಿ ಸಂಸ್ಥೆ ಕಟ್ಟಿದರು, 1988ರ 'ಕಾಡಿನ ಬೆಂಕಿ'ಯಂತಹ ಚಲನಚಿತ್ರಗಳ ಹಿಂದೆ ನಿಂತು ಮನಸ್ಸಿನ ಕಾಯಿಲೆಯ ಬಗ್ಗೆ ಜನ ಬಾಯಿಬಿಟ್ಟು ಮಾತನಾಡುವಂತೆ ಮಾಡಿದರು. ಒಂದು ಕೊಠಡಿ, ಎರಡು ಕುರ್ಚಿಗೆ ಸೀಮಿತವಾಗದೆಯೂ ಈ ವೃತ್ತಿಯನ್ನು ನಡೆಸಬಹುದೆಂಬುದಕ್ಕೆ ಇವರೆಲ್ಲ ಸಾಕ್ಷಿ. ಆದರೆ ಪ್ರತಿಯೊಬ್ಬರೂ ಸಂಸ್ಥೆ ಕಟ್ಟುವಷ್ಟು ಗಟ್ಟಿಗರಾಗಿರಬೇಕೆಂದು ಬಯಸಲಾಗದು. ಸಾಮಾನ್ಯ ಶಕ್ತಿಯ, ಸಾಮಾನ್ಯ ಸಂಸಾರದ ಸಮಾಲೋಚಕಿಯೂ ನಡೆಯಬಹುದಾದ ದಾರಿ ಬೇಕು. ಅದನ್ನು ಸರ್ಕಾರ ಮತ್ತು ವೃತ್ತಿಬಾಂಧವರು ಸೇರಿ ಹಾಕಬೇಕು.

ನನ್ನ ಪರಿಚಯದವರು ಅದಕ್ಕಾಗಿ ಕಾಯದೆ ಒಂದು ಪ್ರಯೋಗ ಮಾಡಿದ್ದಾರೆ. ನಗರದ ಇನ್ನಿಬ್ಬರು ಸಮಾಲೋಚಕಿಯರ ಜೊತೆ ಕೂಡಿ, ತಿಂಗಳಿಗೊಂದು ಶನಿವಾರ ಹೆಸರು, ಊರು ಹೇಳದೆ ತಮ್ಮ ಕೆಲಸದ ಕಷ್ಟಗಳನ್ನು ಪರಸ್ಪರ ಮಾತನಾಡಿಕೊಳ್ಳುತ್ತಾರೆ. ಕಳೆದ ಪತ್ತನಾಜೆಯ ಮರುದಿನದಿಂದ ಎರಡು ವಾರ ಕೊಠಡಿಗೆ ಬೀಗ ಹಾಕಿದ್ದರು. ಮೂರು ತಿಂಗಳ ಮೊದಲೇ ಎಲ್ಲರಿಗೂ ತಿಳಿಸಿ, ತುರ್ತಿಗೆ ಆ ಇಬ್ಬರ ಸಂಖ್ಯೆ ಕೊಟ್ಟಿದ್ದರು. ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಮೂವರು ಮಾತ್ರ ಆ ಸಂಖ್ಯೆಗೆ ಕರೆ ಮಾಡಿದರಂತೆ. ಮೊದಲ ನಾಲ್ಕು ದಿನ ನಿದ್ದೆ ಬರಲಿಲ್ಲ, ಐದನೆಯ ದಿನ ಮಧ್ಯಾಹ್ನ ಮಲಗಿದವರು ಸಂಜೆ ಆರಕ್ಕೆ ಎದ್ದರು. ಮರಳಿ ಬಾಗಿಲು ತೆರೆದ ದಿನ, ನಾಲ್ಕು ವರ್ಷಗಳಿಂದ ಬರುತ್ತಿರುವ ಹಿರಿಯರೊಬ್ಬರು ಕುರ್ಚಿಯಲ್ಲಿ ಕೂರುವ ಮೊದಲೇ, "ಮೇಡಂ, ಹುಷಾರಿಲ್ಲ ಅಂತ ತಿಳ್ಕೊಂಡಿದ್ದೆ. ಬರೇ ರಜೆಯಾ?" ಎಂದು ಕೇಳಿದರಂತೆ. ಹೌದು ಎಂದದ್ದಕ್ಕೆ ಅವರು ಸ್ವಲ್ಪ ಹೊತ್ತು ಯೋಚಿಸಿ, ತಾನು ಇನ್ನು ಮುಂದೆ ತಿಂಗಳಿಗೊಮ್ಮೆ ಬಂದರೆ ಸಾಕಾಗಬಹುದೇನೋ ಎಂದರು.